ಅಕ್ಕ ಮನೆಯಲ್ಲೇ ಮಾಡಿದ ಪರೀಕ್ಷೆ

ಸೇಡಂನ ಗೊಬ್ಬರದ ಅಂಗಡಿಯಲ್ಲಿ ಇವತ್ತು ನೀಲಿ ಮೈಲುತುತ್ತದ ಹರಳು ಕಂಡೆ. ಅಕ್ಕನ ಕಾಲೇಜಿನ ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಕಣ್ಣಮುಂದೆ ಬಂತು.

ಅವಳ ಮದುವೆ ನಿಶ್ಚಯವಾಗಿತ್ತು. ‘ಇನ್ನ ಪರೀಕ್ಷಾ ಯಾಕ?’ ಎಂದು ಅಪ್ಪ ಹೊರಗಿನಿಂದ ಬೀಗ ಹಾಕಿ ಹೋಗಿದ್ದ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟಿದ್ದ ನಾನೂ ಅಜ್ಜಿಯೂ ಒಳಗೇ ಇದ್ದೆವು.

ಪರೀಕ್ಷೆ ಶುರುವಾಗುವ ಹೊತ್ತಿಗೆ ಅಕ್ಕ ಒಲೆ ಹಚ್ಚಿದಳು. ಪಕ್ಕದ ಮನೆಯ ಪತ್ತಾರ ಕಾಕಾ ಚಿನ್ನ ತೂಗುವ ತಕ್ಕಡಿಯನ್ನು ಕಿಟಕಿಯಿಂದ ಕೊಟ್ಟ. ಹೊಲಕ್ಕೆ ತಂದಿಟ್ಟಿದ್ದ ಮೈಲುತುತ್ತವನ್ನು ಅದರಲ್ಲಿ ತೂಗಿ, ಬಟ್ಟಲಲ್ಲಿ ಕಾಯಿಸಿದಳು. ನೀಲಿ ಹೋಗಿ ಬೆಳ್ಳಗಾಯಿತು.

‘ರೊಟ್ಟಿ ಒಲಿ ಮ್ಯಾಲ ಇಷಾ ಕಾಸ್ಲಿಕತ್ತಿ, ಬೀಗರಿಗೆ ಉಣಸ್ತಿ ಏನ?’ ಎಂದಳು ಅಜ್ಜಿ.

‘ಇದರಾಗ ನೀರು ಎಷ್ಟದ ನೋಡ್ಲಿಕತ್ತೀನಿ, ಆಯಿ.’

‘ಹರಳಿನ್ಯಾಗ ನೀರೇನ? ನಿನಗ ಹುಚ್ಚು ಹಿಡದದ.’

ಅಕ್ಕ ಮತ್ತೆ ಮತ್ತೆ ಕಾಯಿಸಿ ತೂಗಿದಳು. ಕೊನೆಗೆ ತೂಕ ಕದಲಲಿಲ್ಲ, ನೀರೆಲ್ಲ ಹೋಗಿತ್ತು. ನೂರಕ್ಕೆ ಮೂವತ್ತಾರು ಪಾಲು ನೀರೆಂದು ಬರೆದು, ಪುಸ್ತಕವನ್ನು ನನ್ನತ್ತ ಚಾಚಿದಳು.

‘ಸರಿ ಅದ ಏನ, ತಂಗಿ?’

ನೋಡಿ ಹೇಳುವವರು ಬೇರೆ ಯಾರೂ ಇರಲಿಲ್ಲ. ಆ ಲೆಕ್ಕ ನನಗೂ ತಿಳಿಯದೆ ಪುಸ್ತಕವನ್ನು ಹಾಗೇ ಮರಳಿಸಿದೆ.

ಇವತ್ತು ಅಂಗಡಿಯ ಮುಂದೆ ನಿಂತೇ ಮೊಬೈಲಿನಲ್ಲಿ ಹುಡುಕಿದೆ. ಅವಳಿಗೆ ಫೋನ್ ಮಾಡಿ, ‘ಅಕ್ಕಾ, ಮೂವತ್ತಾರೇ. ನಿನ್ನ ಉತ್ತರ ಸರಿ ಇತ್ತು’ ಎಂದೆ.

‘ಮೆಲ್ಲಗ ಮಾತಾಡ, ಅತ್ತಿ ಇಲ್ಲೇ ಕುಂತಾರ’ ಎಂದಳು. ಹಿತ್ತಲ ಬಾಗಿಲು ತೆಗೆದ ಸದ್ದು ಕೇಳಿಸಿತು.

‘ಇನ್ನೊಮ್ಮೆ ಹೇಳ’ ಎಂದಳು.