ಸೆಕೆಯೂರಿನಲ್ಲಿ ಈರಮ್ಮನ ಹಗ್ಗಜಗ್ಗಾಟ

ಪಾಳ್ಯದ ಆಚೆಯ ಎಸ್ಟೇಟಿನಲ್ಲಿ ಕೆಲಸ ಮಾಡುವ ಈರಮ್ಮನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಬಸ್ಸು ತಡವಾದರೂ ಸಿಟ್ಟು, ಬೇಗ ಬಂದರೂ ಸಿಟ್ಟು. ಹಗ್ಗ ಹಿಡಿದಾಗ ಮಾತ್ರ ಸುಮ್ಮನಾಗಿಬಿಡುತ್ತಿದ್ದಳು. ಎಸ್ಟೇಟಿನ ರಾಜ್ಯೋತ್ಸವದ ಆಟದಲ್ಲಿ ಮೊದಲ ಸಲ ಹಗ್ಗಜಗ್ಗಾಟಕ್ಕೆ ನಿಂತ ದಿನ ಎದುರಿನ ಹೆಂಗಸರು ಎಳೆದೂ ಎಳೆದೂ ಸುಸ್ತಾದರು. ಸಾಲಿನ ಕೊನೆಯಲ್ಲಿ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಹಿಮ್ಮಡಿ ಊರಿದ್ದ ಈರಮ್ಮ ಮಿಸುಕಲಿಲ್ಲ. ಅಲ್ಲಿಂದ ಮುಂದೆ ಆಲೂರು, ಮಗ್ಗೆ, ಹಾಸನ, ಎಲ್ಲಿ ಪಂದ್ಯವಾದರೂ ಕೊನೆಯ ಜಾಗ ಅವಳದೇ. ವಯಸ್ಸು ನಲವತ್ತೈದು ದಾಟಿದ ಮೇಲೂ ಆ ಜಾಗ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಕಳೆದ ವರ್ಷ ಮೇ ತಿಂಗಳಲ್ಲಿ ಮಂಗಳೂರಿನ ಆಚೆ, ಕಡಲ ಪಕ್ಕದ ಊರೊಂದರ ಯುವಕ ಸಂಘದವರು ಇವರ ತಂಡವನ್ನು ಪಂದ್ಯಕ್ಕೆ ಕರೆದರು. ತಂಡದ ಕ್ಯಾಪ್ಟನ್ ಸುಚಿತ್ರಾ ಅಂಗನವಾಡಿ ಟೀಚರು. ಅವಳು ಹಿಂದಿನ ದಿನವೇ ಎಲ್ಲರಿಗೂ ಹೇಳಿದ್ದಳು, "ಅಲ್ಲಿ ಬಿಸ್ಲಿಗಿಂತ ಸೆಕೆ ಕೆಟ್ಟದ್ದು. ಬಾಯಾರೋಕ್ ಮುಂಚೇನೇ ನೀರು ಕುಡೀತಿರ್ಬೇಕು."

"ನಂಗೆ ಬಿಸ್ಲು ಹೇಳ್ಕೊಡಾಕ್ ಬಂದ್ಲು," ಎಂದಳು ಈರಮ್ಮ. "ಸುಡೋ ಬಿಸ್ಲಲ್ಲಿ ತೋಟಕ್ಕೆಲ್ಲ ಪೈಪ್ ಹೊತ್ತೋಳು ಕಣೇ ನಾನು."

ನಸುಕಿನಲ್ಲಿ ವ್ಯಾನು ಸಕಲೇಶಪುರ ದಾಟುವಾಗ ಮಂಜಿತ್ತು, ಈರಮ್ಮನ ಮೈಮೇಲೆ ಸ್ವೆಟರ್ ಇತ್ತು. ಸುಚಿತ್ರಾ ನೀರಿನ ಬಾಟಲಿ ಚಾಚಿದಾಗಲೆಲ್ಲ ಅವಳು ತಳ್ಳಿದಳು. "ಕುಡುದ್ರೆ ದಾರೀಲಿ ಎಲ್ಲಿಗೋಗ್ಲಿ? ಗಂಡುಸ್ರಿಗಾದ್ರೆ ಮರ ಐತೆ, ಮೋರಿ ಐತೆ. ನಂಗೇನೈತೆ?" ಸುಚಿತ್ರಾ ಬಾಟಲಿಯನ್ನು ಚೀಲಕ್ಕೆ ತುರುಕಿದಳು.

ಶಿರಾಡಿ ಘಾಟಿ ಇಳಿದು ಗುಂಡ್ಯ ದಾಟುತ್ತಲೇ ಗಾಳಿ ಬದಲಾಯಿತು. ಸ್ವೆಟರ್ ಬಿಚ್ಚಿದ್ದಾಯಿತು, ಸೆರಗಿನಲ್ಲಿ ಬೀಸಿಕೊಂಡಿದ್ದಾಯಿತು. ಬೆವರು ಒರೆಸಿದಷ್ಟೂ ಬಂತೇ ಹೊರತು ಆರಲಿಲ್ಲ. "ಇದೇನ್ ಊರೋ ಮಾರಾಯ! ಹಿಂಡ್ದೇ ಇರೋ ಬಟ್ಟೆ ಉಟ್ಕೊಂಡಂಗೈತಲ್ಲ," ಎಂದು ಡ್ರೈವರ್ ಶಿವುವಿನ ಮೇಲೆ ರೇಗಿದಳು, ಸೆಕೆಯನ್ನು ಅವನೇ ತಂದು ಸುರಿದ ಹಾಗೆ. ಅವನು ಕಿಟಕಿ ತೆಗೆದ. ಒಲೆಯ ಬಾಯಿ ತೆರೆದಂತಾಯಿತು. "ಮುಚ್ಚೋ ಅದ್ನ!" ಎಂದಳು. ಮುಚ್ಚಿದ. "ಉಸ್ರು ಕಟ್ತದೆ, ತೆಗಿಯೋ!" ಎಂದಳು.

ಮೈದಾನದ ಕೆಂಪು ಮಣ್ಣು ಹನ್ನೊಂದು ಗಂಟೆಗೇ ಅಂಗಾಲು ಸುಡುತ್ತಿತ್ತು. ಮೊದಲ ಪಂದ್ಯದಲ್ಲಿ ಈರಮ್ಮನ ಅಂಗೈ ಬೆವರಿಗೆ ಹಗ್ಗ ಜಾರತೊಡಗಿತು. ಹಾಗಾದದ್ದು ಅವಳ ಬಾಳಿನಲ್ಲೇ ಮೊದಲು. ಮಣ್ಣು ಉಜ್ಜಿಕೊಂಡರೆ ಮಣ್ಣೇ ಕೆಸರಾಯಿತು. ಹೇಗೋ ಹಲ್ಲು ಕಚ್ಚಿ ಎಳೆದು ಗೆದ್ದರು. ಗೆದ್ದ ಮೇಲೆ ಉಳಿದವರು ಕುಣಿದರು, ಈರಮ್ಮ ಕುಳಿತುಬಿಟ್ಟಳು. ಮೀನಖಂಡ ಗಂಟು ಕಟ್ಟಿಕೊಂಡಿತ್ತು, ಕಣ್ಣು ಮಂಜಾಗಿತ್ತು.

ಸುಚಿತ್ರಾ ಅವಳನ್ನು ಮೈದಾನದ ಅಂಚಿನ ಮಾವಿನ ಮರದ ಕೆಳಗೆ ಮಲಗಿಸಿ, ಕತ್ತಿಗೂ ಕಂಕುಳಿಗೂ ಒದ್ದೆ ಟವೆಲ್ ಇಟ್ಟಳು. ಎದುರು ಮನೆಯ ಅಜ್ಜಿಯೊಬ್ಬಳು ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ತಂದಳು. "ಒಟ್ಟಿಗೆ ಕುಡೀಬೇಡ ಮಗಾ, ಸ್ವಲ್ಪ ಸ್ವಲ್ಪ." ಈರಮ್ಮ ಗುಟುಕು ಗುಟುಕಾಗಿ ಕುಡಿದಳು. ಸುಚಿತ್ರಾ "ನಾನು ಹೇಳಿರ್ಲಿಲ್ವಾ ಈರಕ್ಕ?" ಎನ್ನಲು ಬಾಯಿ ತೆರೆದಳು, ಅವಳ ಮುಖ ನೋಡಿ ಮುಚ್ಚಿಕೊಂಡಳು.

ಬಂದದ್ದು ನಾಲ್ಕೇ ತಂಡಗಳಾದ್ದರಿಂದ ಗೆದ್ದವರಿಗೆ ನೇರ ಫೈನಲ್, ಅದು ಮಧ್ಯಾಹ್ನಕ್ಕಿತ್ತು. ಅಷ್ಟರಲ್ಲಿ ಈರಮ್ಮ ಚೇತರಿಸಿಕೊಂಡು ಎದ್ದಿದ್ದಳು. ಎರಡೂ ತಂಡಗಳಿಗೆ ಹಗ್ಗ ಹಿಡಿಸಿ ಸಾಲಾಗಿ ನಿಲ್ಲಿಸಿದರು. ಮುಖ್ಯ ಅತಿಥಿಗಳು ದಾರಿಯಲ್ಲಿದ್ದಾರೆ, ಈಗ ಬಂದುಬಿಡುತ್ತಾರೆ ಎಂದು ಮೈಕಿನಲ್ಲಿ ಮತ್ತೆ ಮತ್ತೆ ಹೇಳಿದರು. ಕುರ್ಚಿಗಳು ಶಾಮಿಯಾನದ ನೆರಳಿನಲ್ಲಿದ್ದವು, ಆಡುವವರು ಬಿಸಿಲಲ್ಲಿದ್ದರು. ಅತಿಥಿಗಳು ಬರಲಿಲ್ಲ. ಸಾಲಿನ ಮುಂದೆ ನಿಂತಿದ್ದ ನವ್ಯಶ್ರೀ, ಇವರ ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು, ತೂರಾಡಿದಳು.

ಈರಮ್ಮ ಸೊಂಟದ ಹಗ್ಗ ಬಿಚ್ಚಿ ನೆಲಕ್ಕೆ ಹಾಕಿದಳು. ನವ್ಯಶ್ರೀಯ ರಟ್ಟೆ ಹಿಡಿದು ಮಾವಿನ ಮರದತ್ತ ನಡೆದಳು.

ಸಂಘದ ಕಾರ್ಯದರ್ಶಿ ಓಡಿ ಬಂದ. "ಎಂತ ಅಕ್ಕ ನೀವು? ಲೈನ್ ಬಿಟ್ಟು ಹೋದ್ರೆ ನಿಮ್ಮ ಟೀಮ್ ಔಟ್ ಆಗ್ತದೆ!"

"ಆಗ್ಲಿ ಬುಡಿ. ಹಗ್ಗ ಎಳಿಯಾಕೆ ಬಂದಿದ್ದೀವಿ, ಹಪ್ಳ ಒಣಗ್ದಂಗೆ ಒಣಗಾಕಲ್ಲ. ನಿಮ್ ಅತಿಥಿ ಬಂದ್ಮೇಲೆ ಕರೀರಿ. ಇಲ್ಲಾಂದ್ರೆ ನೀವೇ ಬಂದು ನಿಂತ್ಕಳಿ ಇಲ್ಲಿ."

ಕಾರ್ಯದರ್ಶಿ ಎದುರು ತಂಡವನ್ನು ತೋರಿಸಿದ. "ಅವ್ರು ನಿಂತಿಲ್ವಾ?"

ಅವರು ಅದೇ ಊರಿನ ಮೀನು ಮಾರುವ ಹೆಂಗಸರು. ಸೆಕೆಯಲ್ಲೇ ಹುಟ್ಟಿ ಬೆಳೆದವರು, ಅವರಿಗೇನು ತೊಂದರೆ ಎಂದೇ ಈರಮ್ಮನೂ ತಿಳಿದಿದ್ದಳು. ಆದರೆ ಅವರ ಕೊನೆಯ ಆಳು, ಈರಮ್ಮನಷ್ಟೇ ಗಟ್ಟಿಮುಟ್ಟಾದ ಹೆಂಗಸು, ಹಗ್ಗ ಬಿಟ್ಟು ಇತ್ತಲೇ ಬಂದಳು. "ನಮ್ಗೆ ಸೆಕೆ ಆಗುದಿಲ್ವಾ? ನಾವೇನು ಕಲ್ಲಾ?" ಎಂದು ಕಾರ್ಯದರ್ಶಿಯನ್ನು ದಾಟಿ ಈರಮ್ಮನ ಪಕ್ಕ ಧೊಪ್ಪೆಂದು ಕುಳಿತಳು. ಹಿಂದೆಯೇ ಅವರ ತಂಡವೆಲ್ಲ ಬಂತು. ಮೈಕು ಮಾತ್ರ ಮೈದಾನದಲ್ಲಿ ಒಂಟಿಯಾಗಿ ಕೂಗುತ್ತಿತ್ತು.

ಎರಡು ತಂಡಗಳನ್ನೂ ಔಟ್ ಮಾಡಿದರೆ ಕಪ್ಪು ಯಾರಿಗೆ ಕೊಡುವುದು? ಸಂಘದವರು ತಮ್ಮತಮ್ಮಲ್ಲೇ ಕಿತ್ತಾಡಿ, ಬಿಸಿಲು ಇಳಿದ ಮೇಲೆ ಫೈನಲ್ ಎಂದು ಸಾರಿದರು. ಅಲ್ಲಿಯವರೆಗೆ ಮರದ ಕೆಳಗೆ ಮಜ್ಜಿಗೆ ಬಂತು, ಕಲ್ಲಂಗಡಿ ಬಂತು. ಮೀನಿನ ಹೆಂಗಸರು ಈರಮ್ಮನಿಗೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟುವುದನ್ನು ಹೇಳಿಕೊಟ್ಟರು. "ಎಲ್ಲಾರೂ ಹೇಳ್ಕೊಡೋರೇ ಆದ್ರಲ್ಲ," ಎಂದು ಗೊಣಗುತ್ತಲೇ ಕಟ್ಟಿಕೊಂಡಳು.

ಸಂಜೆ ಕಡಲ ಗಾಳಿ ಎದ್ದಾಗ ಪಂದ್ಯ ನಡೆಯಿತು. ಮೊದಲ ಎಳೆತ ಇವರದು, ಮುಂದಿನ ಎರಡು ಅವರದು. ಕೊನೆಯ ಎಳೆತದಲ್ಲಿ ಈರಮ್ಮನ ಹಿಮ್ಮಡಿ ನೆಲದಲ್ಲಿ ಗೀರು ಎಳೆಯುತ್ತಾ ಮುಂದೆ ಸರಿಯಿತು. ಅವಳು ಸೋತದ್ದನ್ನು ಆ ದಿನ ಎಲ್ಲರೂ ಕಣ್ಣಾರೆ ನೋಡಿದರು. ರಾತ್ರಿ ವ್ಯಾನು ಊರಿಗೆ ಮರಳಿತು. ಮನೆಯಲ್ಲಿ ಗಂಡ ಲಕ್ಕಯ್ಯ, "ಯಂಗಾಯ್ತಮ್ಮಿ?" ಎಂದು ಕೇಳಿದ್ದಕ್ಕೆ, "ಬೆಂದೋದೆ," ಎಂದಷ್ಟೇ ಹೇಳಿ ಹಂಡೆಯ ತಣ್ಣೀರನ್ನು ತಲೆಗೆ ಹೊಯ್ದುಕೊಂಡಳು.

ಈ ವರ್ಷ ಮತ್ತೆ ಕರೆ ಬಂತು. ಪಂದ್ಯಗಳೆಲ್ಲ ಬೆಳಗಿನ ಹೊತ್ತು, ಫೈನಲ್ ಸಂಜೆ ಎಂದು ಸುಚಿತ್ರಾ ತಿಳಿಸಿದಳು.

"ಸಂಜೆಗಾಕಿದ್ರೆ ಸೆಕೆ ಊರ್ ಬುಟ್ಟೋಯ್ತದಾ?" ಎಂದು ಈರಮ್ಮ ಸಿಡಿದಳು. "ಥೂ, ಆ ಊರಿಗ್ ಯಾವಳ್ ಹೋಯ್ತಾಳೆ! ಅಲ್ಲ, ವ್ಯಾನು ಎಷ್ಟೊತ್ತಿಗೆ ಬತ್ತದೆ? ದಾರೀಲಿ ಯಾವ್ದಾರ ಕಕ್ಕಸ್ ಇರೋ ಹೋಟ್ಲಲ್ಲಿ ನಿಲ್ಸಕ್ಕೇಳು, ಆಗ ಕುಡೀತೀನಿ ನಿನ್ ನೀರ."