ತಗಡಿನ ಮನೆಯಲ್ಲಿ ಬಾರದ ತಲೆನೋವು

ಕೊರೊನಾ ಕಾಲ ಕಳೆದು ಕಟ್ಟಡ ಕೆಲಸಗಳು ಮತ್ತೆ ಚುರುಕಾಗಿದ್ದ ಮೊದಲ ಬೇಸಿಗೆ ಅದು. ಬಹಳ ವರ್ಷ ಗುತ್ತಿಗೆದಾರರ ಬಳಿ ಸೈಟ್ ಇಂಜಿನಿಯರ್ ಆಗಿದ್ದ ನಾನು ಆಗಷ್ಟೇ ಬೆಟಗೇರಿಯಲ್ಲಿ ಸ್ವಂತ ಕಚೇರಿ ತೆರೆದಿದ್ದೆ. ಒಂದು ದಿನ ಲಕ್ಷ್ಮೇಶ್ವರದಿಂದ ಬಸವರಾಜ ಎಂಬವರು ಫೋನ್ ಮಾಡಿದರು. ಸುತ್ತಲ ಹಳ್ಳಿಗಳ ಅಂಗಡಿಗಳಿಗೆ ಕಿರಾಣಿ ಸಾಮಾನು ಮುಟ್ಟಿಸುವುದು ಅವರ ವ್ಯಾಪಾರ.

"ಮೇಡಮ್ಮಾರ, ಗ್ಯಾರೇಜಿನ ಮ್ಯಾಲೆ ಖೋಲಿ ಕಟ್ಟೀವ್ರಿ. ಮಧ್ಯಾಹ್ನ ಫರಸಿ ಮ್ಯಾಲೆ ಕಾಲಿಡಾಕ ಆಗವಲ್ದು. ಕೆಳಗಿನಿಂದ ಥರ್ಮಾಕೋಲ್ ಅಂಟಿಸಿಕೊಡ್ರಿ, ಸಾಕು."

ಮರುದಿನ ಹೋಗಿ ನೋಡಿದೆ. ಗ್ಯಾರೇಜಿನ ಕಬ್ಬಿಣದ ಶಟರ್ ಪಶ್ಚಿಮಕ್ಕಿತ್ತು. ಮಧ್ಯಾಹ್ನವಿಡೀ ಬಿಸಿಲು ಕುಡಿದ ಶಟರ್ ಒಲೆಯಂತೆ ಕಾದು, ಒಳಗಿನ ಗಾಳಿಯನ್ನೂ ಕಾಯಿಸುತ್ತಿತ್ತು. ಹಿಂಬದಿಯಲ್ಲಿ ಒಂದು ಕಿಟಕಿಯೂ ಇಲ್ಲ. ಆ ಶಾಖ ಮೇಲಕ್ಕೇರಿ ಸ್ಲ್ಯಾಬಿನೊಳಗೆ ಸೇರಿ, ರಾತ್ರಿಯವರೆಗೂ ಮೇಲಿನ ನೆಲವನ್ನು ಬೆಚ್ಚಗಿಡುತ್ತಿತ್ತು. ತಾಪಮಾಪಕ ಹಿಡಿದರೆ ನೆಲದ ಫರಸಿಕಲ್ಲೇ ಮೂವತ್ತೊಂಬತ್ತು ಡಿಗ್ರಿ ತೋರಿಸಿತು.

ಥರ್ಮಾಕೋಲ್ ಬೇಡವೆಂದೆ. ಅದು ಶಾಖ ತಡೆಯುವುದು ನಿಜ, ಆದರೆ ಸಾಮಾನು ಸಾಗಿಸುವ ಅವರ ಪೆಟ್ರೋಲ್ ಗಾಡಿ ನಿಲ್ಲುವ ಜಾಗದಲ್ಲಿ ಬೆಂಕಿ ಹತ್ತಿದರೆ ಕರಗಿ ಉರಿಯುತ್ತ ಮೈಮೇಲೆ ಸುರಿಯುತ್ತದೆ. ಬದಲಿಗೆ ರಾಕ್ ವೂಲ್ ಹಾಕೋಣ ಎಂದೆ. ಕಲ್ಲನ್ನು ಕರಗಿಸಿ ನೂಲಿನಂತೆ ಎಳೆದು ಮಾಡಿದ ಹಲಗೆ ಅದು, ಉರಿಯುವುದಿಲ್ಲ. ಎರಡು ಇಂಚು ದಪ್ಪದ ಹಲಗೆ, ಅದರ ಕೆಳಗೆ ಸಿಮೆಂಟ್ ಬೋರ್ಡ್. ಬಸವರಾಜರು ಒಪ್ಪಿದರು.

ಅಳತೆ ಮುಗಿಸಿ ಹೊರಡುವಾಗ ಅವರ ತಾಯಿ ಗಂಗವ್ವ ಚಹಾ ತಂದರು. ಆ ಕೋಣೆಯಲ್ಲಿ ಯಾರು ಮಲಗುತ್ತಾರೆ ಎಂದು ಕೇಳಿದೆ.

"ಮಗಾ, ಸೊಸಿ. ಈಗ ಮಗಾ ಒಬ್ಬನ ಅದಾನ. ಸೊಸಿ ತಲಿನೋವು ಅಂತ ತವರಿಗೆ ಹೋಗಿ ಕುಂತಾಳ್ರಿ, ಹಿರೇವಡ್ಡಟ್ಟಿಗೆ. ಡಾಕ್ಟರ್ ಗುಳಿಗಿ ಎಲ್ಲಾ ಆತು. ಅಲ್ಲಿ ಹೋದಕೂಡಲೇ ಆರಾಮ ಅಂತ! ಅವರದು ತಗಡಿನ ಮನಿ, ನಮ್ಮದಕ್ಕಿಂತ ಹೆಚ್ಚು ಕಾಯ್ತೈತಿ. ಅಲ್ಲಿ ಬರಲಾರದ ತಲಿನೋವು ನಮ್ಮ ಮನ್ಯಾಗಷ್ಟ ಬರ್ತೈತೇನ್ರಿ?"

"ನೆಲ ತಂಪಾದ್ರ ಬರ್ತಾಳ ಬಿಡವಾ" ಎಂದರು ಬಸವರಾಜರು. ನೆಲದ ಬಿಸಿ ಇಳಿದರೆ ಹೆಂಡತಿ ಮರಳಿಯಾಳೆಂಬ ಆಸೆಯಿಂದಲೇ ಅವರು ನನ್ನನ್ನು ಕರೆಸಿದ್ದರೆಂದು ಆಗ ತಿಳಿಯಿತು.

ಗಂಗವ್ವ ಸೊಸೆಯ ಸುಳ್ಳಿಗೆ ಸಾಕ್ಷಿಯೆಂದು ಹೇಳಿದ ಮಾತು ನನಗೆ ಬೇರೆಯೇ ಅರ್ಥ ಕೊಟ್ಟಿತು. ಇನ್ನೂ ಹೆಚ್ಚು ಕಾಯುವ ಮನೆಯಲ್ಲಿ ನೋವು ಇಲ್ಲವೆಂದರೆ, ನೋವಿಗೆ ಕಾರಣ ಬಿಸಿಯಲ್ಲ. ಬಸವರಾಜರಿಂದ ಫೋನ್ ಹಚ್ಚಿಸಿ, ಅವರ ಹೆಂಡತಿ ಸವಿತಾ ಜೊತೆ ನಾನೇ ಮಾತಾಡಿದೆ.

"ನೋವು ಯಾವಾಗ ಬರತಿತ್ತು?"

"ಮುಂಜಾನಿ ಏಳೂವಾಗ್ರಿ. ವಾಂತಿ ಬಂದಂಗ ಆಗೂದು. ಹೊರಗ ಹಿತ್ತಲಿಗೆ ಹೋಗಿ ಕುಂತ್ರ ಕಮ್ಮಿ ಆಗತಿತ್ತು."

ಮುಂಜಾನೆ ಎಂದರೆ ಕೋಣೆ ಅತ್ಯಂತ ತಂಪಾಗಿರುವ ಹೊತ್ತು. ಬಸವರಾಜರನ್ನು ಅವರ ದಿನಚರಿ ಕೇಳಿದೆ. ನಸುಕಿನಲ್ಲಿ ಗಾಡಿ ಚಾಲು ಮಾಡಿ, ಬೀದಿನಾಯಿ ಒಳಬರದಿರಲೆಂದು ಶಟರ್ ಅರ್ಧಕ್ಕೇ ಬಿಟ್ಟು, ಎಂಜಿನ್ ಓಡುತ್ತಿರುವಾಗಲೇ ಸಾಮಾನು ಹೇರುತ್ತಿದ್ದರು. ಬಳಿಕ ಹಳ್ಳಿಗಳ ಕಡೆ ಹೊರಟುಬಿಡುತ್ತಿದ್ದರು. ಗಂಗವ್ವನ ಕೋಣೆ ಹಿತ್ತಲ ಕಡೆಗಿತ್ತು.

ಟಾರ್ಚ್ ಹಿಡಿದು ಸ್ಲ್ಯಾಬನ್ನು ಮತ್ತೆ ನೋಡಿದೆ. ಮೂಲೆಯಲ್ಲಿ, ಪೇರಿಸಿಟ್ಟ ಡಬ್ಬಿಗಳ ಮೇಲ್ಗಡೆ, ಮುಷ್ಟಿಗಾತ್ರದ ತೂತು. ಮೇಲೆ ಬೇಸಿನ್ ಕೂರಿಸಲು ಕೊರೆಸಿದ್ದು, ಆಮೇಲೆ ಬೇಸಿನ್ ಬೇಡವಾಗಿ, ಅಲ್ಲಿ ಕಪಾಟು ಬಂದಿತ್ತು. ಗಂಗವ್ವನನ್ನು ಮೇಲೆ ಕೂರಿಸಿ, ಶಟರ್ ಇಳಿಸಿ, ತೂತಿನ ಕೆಳಗೆ ಒಂದು ಹಿಡಿ ಊದಿನಕಡ್ಡಿ ಹಚ್ಚಿದೆವು.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಕೂಗು ಕೇಳಿಸಿತು. "ಬಸು, ಕಪಾಟಿನ ಹಿಂದಿಂದ ಹೊಗಿ ಬರಾಕತ್ತೈತೋ!"

ಎಂಜಿನ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಹೆಚ್ಚಾದರೆ ಮಲಗಿದವರು ಏಳದೇ ಹೋಗಬಹುದು. ಇದನ್ನು ಹೇಳಿದಾಗ ಬಸವರಾಜರು "ದಿನಾ ನಾನಽ ಚಾಲು ಮಾಡ್ತಿದ್ನೆಲ್ರಿ" ಎಂದಷ್ಟೇ ಅಂದರು.

ಮೊದಲು ಆ ತೂತಿಗೆ ಕಾಂಕ್ರೀಟ್ ತುಂಬಿಸಿದೆ. ಉಳಿದ ಬಿರುಕುಗಳನ್ನು ಸೀಲ್ ಮಾಡಿಸಿ, ಹಿಂಬದಿ ಗೋಡೆಯಲ್ಲಿ ಎಗ್ಜಾಸ್ಟ್ ಫ್ಯಾನ್ ಕೂರಿಸಿದೆ. ಆಮೇಲೆ ರಾಕ್ ವೂಲ್. ಗಾಡಿಯನ್ನು ಹೊರಗೆ ತಳ್ಳಿಯೇ ಚಾಲು ಮಾಡಬೇಕೆಂದು ಬಸವರಾಜರಿಂದ ಮಾತು ಪಡೆದೆ. ಸವಿತಾ ಮತ್ತೊಮ್ಮೆ ಡಾಕ್ಟರರಿಗೆ ತೋರಿಸಿ, ಈ ವಿಷಯ ತಿಳಿಸಬೇಕೆಂದೂ ಹೇಳಿದೆ. ಕೆಲಸ ಮುಗಿದ ಮೇಲೆ, ಅಂಥದೇ ಬಿಸಿಲಿನ ಮಧ್ಯಾಹ್ನ ಫರಸಿ ನಾಲ್ಕು ಡಿಗ್ರಿ ಇಳಿದಿತ್ತು.

ಬರೀ ಬಿಸಿ ಇಳಿಸುವುದೇ ನನ್ನ ಕೆಲಸವೆಂದುಕೊಂಡಿದ್ದರೆ, ತೂತಿನ ಕೆಳಗೇ ಹಲಗೆ ಬಡಿಸಿ ಬರುತ್ತಿದ್ದೆ. ಹಲಗೆಗಳ ಸಂದಿಯಿಂದ ಆ ಅನಿಲ ಮೇಲೇರುತ್ತಲೇ ಇರುತ್ತಿತ್ತು. ಅದರ ದಾರಿ ಮಾತ್ರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಂದಿನಿಂದ ಯಾವ ಮನೆಗೆ ಹೋದರೂ, ಆ ಕೋಣೆಯಲ್ಲಿ ಬದುಕುವವರ ಮಾತು ಕೇಳದೆ ನಾನು ಕೆಲಸ ಶುರು ಮಾಡಿಲ್ಲ.

ಊದಿನಕಡ್ಡಿ ಹಚ್ಚಿದ ಆ ದಿನವೇ ಗಂಗವ್ವ ಮಗನ ಕೈಯಿಂದ ಫೋನ್ ಇಸಿದುಕೊಂಡಿದ್ದರು. "ಸವಿತಾ, ನಿಂದು ಖರೆ ಐತವಾ. ಕಪಾಟಿನ ಹಿಂದ ತೂತು ಐತಿ, ಅದರಾಗಿಂದ ಗಾಡಿ ಹೊಗಿ ಮ್ಯಾಲೆ ಬರತಿತ್ತು. ನಾನಽ ತಪ್ಪು ತಿಳಕೊಂಡಿದ್ದೆ. ನಾಳೆ ನಾನಽ ಕರಿಯಾಕ ಬರ್ತೀನಿ."

ಆ ಕಡೆಯಿಂದ ಸವಿತಾಳ ದನಿ ಕೇಳಿತು.

"ಮೊದಲ ತೂತು ಮುಚ್ಚಸ್ರಿ, ಅತ್ತಿ. ಆಮ್ಯಾಲೆ ಬರ್ತೀನಿ."