ಬೆವರದ ಮಗಳ ಅಪ್ಪನ ಕಾರು

ಬಹ್ರೇನಿನಲ್ಲಿ ಕಾರಿನ ಮಾತೆತ್ತಿದರೆ ಸಾಕು, ಎದುರಿಗಿದ್ದವರು ಅದರ ಓಟದ ಕಥೆ ಶುರು ಮಾಡುತ್ತಾರೆ. ಇಂಜಿನ್ ಎಷ್ಟು ದೊಡ್ಡದು, ಕಾಲು ಒತ್ತಿದರೆ ಹೇಗೆ ಎಗರುತ್ತದೆ, ಸೌದಿಯ ಸೇತುವೆಯ ಮೇಲೆ ಯಾರ ಕಾರು ಯಾರನ್ನು ಹಿಂದೆ ಹಾಕಿತು. ಸಿತ್ರಾದ ಪೈಪು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವ ಬೆಳ್ಮಣ್ಣಿನ ಸರ್ವೋತ್ತಮ ಮಾತ್ರ ಇಂಥ ಮಾತಿನ ನಡುವೆ ಚಹಾದ ಕಪ್ಪು ಹಿಡಿದು ಒಂದೇ ಪ್ರಶ್ನೆ ಕೇಳುವ ಮನುಷ್ಯ.

"ಸಿಗ್ನಲ್‌ನಲ್ಲಿ ನಿಂತಾಗ ಎಸಿ ಗಾಳಿ ಬಿಸಿಯಾಗ್ತದಾ?"

ಜೊತೆಯವರು ಬಿದ್ದು ಬಿದ್ದು ನಗುತ್ತಿದ್ದರು. "ನಿಮಗೆ ಕಾರು ಯಾಕೆ ಸರ್ವೋತ್ತಮಣ್ಣ? ಒಂದು ಫ್ರಿಜ್ಜಿಗೆ ನಾಲ್ಕು ಚಕ್ರ ಕಟ್ಟಿಸಿ."

ಅವನೂ ನಗುತ್ತಿದ್ದ. ಆದರೆ ಅವನಿಗೆ ಬೇಕಾಗಿದ್ದುದು ನಿಜವಾಗಿಯೂ ಅಂಥದ್ದೇ. ಯಾಕೆಂದರೆ ಅವನ ಮಗಳು ಅನ್ವಿತಾ ಬೆವರುವುದಿಲ್ಲ. ಹುಟ್ಟಿನಿಂದಲೇ ಅವಳ ಚರ್ಮದಲ್ಲಿ ಬೆವರಿನ ಗ್ರಂಥಿಗಳಿಲ್ಲ. ತಲೆಗೂದಲು ತೆಳು, ಹಲ್ಲು ಅಲ್ಲೊಂದು ಇಲ್ಲೊಂದು. ಅದಕ್ಕೆಲ್ಲ ಮನೆಯವರು ಒಗ್ಗಿಹೋಗಿದ್ದರು. ಬಿಸಿಲಿಗೆ ಮಾತ್ರ ಒಗ್ಗುವ ಹಾಗಿರಲಿಲ್ಲ. ನಮ್ಮ ನಿಮ್ಮ ಮೈ ಬೆವರಿ ತಣ್ಣಗಾಗುತ್ತದೆ. ಅವಳ ಮೈ ಒಲೆಯ ಮೇಲಿಟ್ಟ ಪಾತ್ರೆಯ ಹಾಗೆ ಸುಮ್ಮನೆ ಏರುತ್ತಲೇ ಹೋಗುತ್ತದೆ. ಬುಸೈತೀನಿನ ಫ್ಲಾಟಿನಲ್ಲಿ ಎಸಿ, ಶಾಲೆಯಲ್ಲಿ ಎಸಿ. ಇವೆರಡರ ನಡುವಿನ ಮರುಭೂಮಿಯನ್ನು ದಾಟಿಸುವುದು ಅಪ್ಪನ ಹಳೆಯ ಕಾರಿನ ಕೆಲಸ.

ಆ ಕಾರನ್ನು ಅವನು ಹೇಗೆ ನೋಡಿಕೊಳ್ಳುತ್ತಿದ್ದ ಅಂತೀರಿ! ಊರಿನಲ್ಲಿ ಸೋದರಮಾವನ ಟ್ಯಾಕ್ಸಿಯಲ್ಲಿ ಡ್ರೈವಿಂಗ್ ಕಲಿತವನು. ಮಾವ ದಿನಾ ಬೆಳಿಗ್ಗೆ ಬಾವಿಯಿಂದ ಒಂದು ಕೊಡಪಾನ ನೀರು ಸೇದಿ, ರೇಡಿಯೇಟರ್ ತುಂಬಿಸಿ, ಬಾನೆಟ್ಟಿಗೆ ಕೈಮುಗಿದೇ ಹೊರಡುತ್ತಿದ್ದರು. ಸರ್ವೋತ್ತಮನೂ ಹಾಗೆಯೇ. ಮಗಳು ಶಾಲೆಗೆ ಹೊರಡುವ ಮೊದಲು ಕೆಳಗಿಳಿದು, ಬಿಲ್ಡಿಂಗಿನ ಹಿಂದೆ ಕಾರು ತೊಳೆಯಲು ಇಟ್ಟ ನಲ್ಲಿಯಿಂದ ನೀರು ಹಿಡಿದು, ಕಡಿಮೆಯಾದಷ್ಟನ್ನು ತುಂಬಿಸುತ್ತಿದ್ದ. ಅಂಗಡಿಯಲ್ಲಿ ರೇಡಿಯೇಟರಿಗೆ ಹಾಕುವ ಹಸಿರು ಕೂಲಂಟಿನ ಕ್ಯಾನು ಕಂಡರೆ, ನೀರಿಗೆ ಬಣ್ಣ ಹಾಕಿ ಮಾರುವವರ ಕಸುಬು ಎಂದು ಮುಂದೆ ಹೋಗುತ್ತಿದ್ದ.

ಜೂನ್ ತಿಂಗಳ ಪರೀಕ್ಷೆಯ ದಿನಗಳು. ಮಧ್ಯಾಹ್ನಕ್ಕೇ ಶಾಲೆ ಬಿಡುತ್ತಿತ್ತು. ಹೆಂಡತಿ ಉಷಾಲತಾ ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕಿನಲ್ಲಿ, ಅವಳಿಗೆ ಬಿಡುವಿಲ್ಲ. ಹಾಗಾಗಿ ಸರ್ವೋತ್ತಮ ಮಗಳನ್ನು ಕರೆತಂದು ತನ್ನ ಆಫೀಸಿನ ತಂಪಿನಲ್ಲಿ ಕೂರಿಸಿ, ಕೆಲಸ ಮುಗಿದ ಮೇಲೆ ಮನೆಗೆ ಕರೆದೊಯ್ಯುತ್ತಿದ್ದ. ಆ ದಿನವೂ ಹಾಗೆಯೇ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಶಾಲೆಯಿಂದ ಹೊರಟ. ಸಿತ್ರಾದ ಸೇತುವೆಗೆ ಬಂದರೆ ಮುಂದೆಲ್ಲೋ ಅಪಘಾತ. ಕಾರುಗಳು ಒಂದರ ಬಾಲಕ್ಕೊಂದು ಅಂಟಿಕೊಂಡು ನಿಂತಿದ್ದವು.

ನಿಂತ ಕಾರಿಗೆ ಎದುರುಗಾಳಿ ಎಲ್ಲಿಂದ ಬರಬೇಕು? ಎಸಿಯ ಗಾಳಿ ಮೊದಲು ಉಗುರುಬೆಚ್ಚಗಾಯಿತು. ಆಮೇಲೆ ಡ್ಯಾಶ್‌ಬೋರ್ಡಿನ ಮುಳ್ಳು ಮೇಲೇರತೊಡಗಿತು.

"ಪಪ್ಪಾ, ಹಾಟ್ ಏರ್ ಬರ್ತಾ ಉಂಟು," ಎಂದಳು ಅನ್ವಿತಾ ಹಿಂದಿನಿಂದ.

"ಈಗ ಹೋಗ್ತದೆ ಮಗಾ. ನೀನು ಸ್ಪ್ರೇ ಮಾಡ್ಕೋ."

ಅವಳ ಜೊತೆ ಯಾವಾಗಲೂ ನೀರಿನ ಒಂದು ಸ್ಪ್ರೇ ಬಾಟಲಿ ಇರುತ್ತಿತ್ತು. ಮುಖಕ್ಕೆ, ಕತ್ತಿಗೆ ಫುಸ್ ಫುಸ್ ಎಂದು ಹೊಡೆದುಕೊಂಡಳು. ಮುಳ್ಳು ಕೆಂಪಿನ ಹತ್ತಿರ ಬಂತು. ಸರ್ವೋತ್ತಮ ರೋನ್ಸನ್‌ಗೆ ಫೋನು ಹಚ್ಚಿದ. ರೋನ್ಸನ್ ಶಿರ್ವದವನು, ಸಿತ್ರಾದಲ್ಲಿ ಗ್ಯಾರೇಜು ಇಟ್ಟವನು.

"ರೋನ್ಸನ್, ಮುಳ್ಳು ಕೆಂಪಿಗೆ ಬಂತು ಮಾರಾಯಾ! ಬೆಳಿಗ್ಗೆ ನೀರು ಫುಲ್ ಮಾಡಿದ್ದೇನೆ!"

"ಯಾವ ನೀರು?"

"ನಲ್ಲಿ ನೀರು. ದಿನಾ ಹಾಕ್ತೇನಲ್ಲ."

"ದಿನಾ? ಅದೇನು ನಿಮ್ಮ ಬೆಳ್ಮಣ್ಣಿನ ಬಾವಿ ನೀರಾ ಮಾರ್ರೆ? ಉಪ್ಪು ನೀರು ಅದು! ಒಳಗೆಲ್ಲ ಬಿಳಿ ಕಲ್ಲು ಕಟ್ಟಿ ರೇಡಿಯೇಟರ್ ಬ್ಲಾಕ್ ಆಗಿರ್ತದೆ. ಇರ್ಲಿ, ಈಗ ಹೇಳಿದ್ದು ಮಾಡಿ. ಎಸಿ ಆಫ್. ಹೀಟರ್ ಫುಲ್ ಇಡಿ. ಇಂಜಿನ್ನಿನ ಬಿಸಿ ಎಲ್ಲ ಕ್ಯಾಬಿನ್ನಿಗೆ ಬರ್ತದೆ, ಹೇಗಾದ್ರೂ ಸೇತುವೆ ದಾಟ್ತದೆ."

"ಹಿಂದೆ ಅನ್ವಿತಾ ಇದ್ದಾಳೆ, ರೋನ್ಸನ್."

"ಅಯ್ಯೋ ದೇವರೇ," ಎಂದ ರೋನ್ಸನ್. "ಹೀಟರ್ ಬೇಡ. ನಾನು ಪಿಕಪ್ ತೆಗೊಂಡು ಬರ್ತೇನೆ."

ಬರುವುದಾದರೂ ಹೇಗೆ? ಹಿಂದೆಯೂ ಕಾರು, ಮುಂದೆಯೂ ಕಾರು. ಸರ್ವೋತ್ತಮ ಇಂಜಿನ್ ಆರಿಸಿದ. ಸಿಡಿದರೆ ಎಂಬ ಹೆದರಿಕೆ. ಗಾಳಿ ನಿಂತದ್ದೇ ತಡ, ಕಾರು ಕೆಂಡದ ಗೂಡಾಯಿತು. ಬಾಗಿಲು ತೆರೆದರೆ ಹೊರಗಿನ ಗಾಳಿ ಇನ್ನೂ ಬಿಸಿ. ಮತ್ತೆ ಸ್ಟಾರ್ಟ್ ಮಾಡಿ, ಒಂದು ಉಸಿರಿನಷ್ಟು ಹೊತ್ತು ಹೀಟರ್ ಹಾಕಿ ನೋಡಿದ. ಮುಳ್ಳು ಕೂದಲೆಳೆಯಷ್ಟು ಇಳಿಯಿತು. ಕನ್ನಡಿಯಲ್ಲಿ ಮಗಳ ಮುಖ ಕೆಂಪು ಮೆಣಸಿನಕಾಯಿಯ ಬಣ್ಣಕ್ಕೆ ತಿರುಗುವುದು ಕಂಡಿತು. ಬೆಂಕಿ ಮುಟ್ಟಿದವನ ಹಾಗೆ ಎಲ್ಲ ಆರಿಸಿಬಿಟ್ಟ.

ಡಿಕ್ಕಿಯಲ್ಲಿ ರೇಡಿಯೇಟರಿಗೆಂದು ಇಟ್ಟ ಕ್ಯಾನಿನಲ್ಲಿ ನೀರಿತ್ತು. ತಂದು ಮಗಳ ತಲೆಗೆ ಸುರಿಯಲು ಹೋದರೆ ಕ್ಯಾನೇ ಕೈ ಸುಡುತ್ತಿತ್ತು. ಸ್ನಾನದ ಬಿಸಿನೀರಿಗಿಂತ ಬಿಸಿ. ಎರಡೂ ಬದಿಯಲ್ಲಿ ಸಮುದ್ರ ನೀಲಿಯಾಗಿ ಹರಡಿತ್ತು, ತಡೆಗೋಡೆಯ ಆಚೆ, ಕೈಗೆ ಸಿಗದಷ್ಟು ಕೆಳಗೆ.

"ಪಪ್ಪಾ, ಐ ಆಮ್ ಸ್ಲೀಪಿ."

"ಮಲಗಬೇಡ! ಅನ್ನೂ, ಮಲಗಬೇಡ ಮಗಾ. ಟೇಬಲ್ ಹೇಳು, ಸೆವೆನ್ ಟೇಬಲ್ ಹೇಳು!"

"ಎಕ್ಸಾಮ್ ಆಯ್ತಲ್ಲಾ…" ಎಂದು ಅವಳು ಗೊಣಗಿ ಕಣ್ಣು ಮುಚ್ಚಿದಳು.

ಇಲ್ಲಿ ಒಂದು ಮಾತು ಹೇಳಬೇಕು. ಪಕ್ಕದ ಸಾಲಿನಲ್ಲಿ, ಚಾಚಿದ ಕೈಗೆ ಸಿಗುವಷ್ಟು ಹತ್ತಿರ, ತಂಪಾದ ಕಾರುಗಳು ನಿಂತಿದ್ದವು. ಆದರೆ ಸರ್ವೋತ್ತಮ ಇಷ್ಟು ವರ್ಷ ಆ ದೇಶದಲ್ಲಿ ತಲೆತಗ್ಗಿಸಿ ಬಾಳಿದವನು. ಕಪ್ಪು ಗಾಜಿನ ಹಿಂದೆ ಯಾರ ಮನೆಯ ಹೆಂಗಸರಿದ್ದಾರೋ, ಪರದೇಶದವ ಹೋಗಿ ಗಾಜು ತಟ್ಟಿದರೆ ಏನೆಂದುಕೊಳ್ಳುತ್ತಾರೋ. ಆ ಅಂಜಿಕೆಯಲ್ಲೇ ಅಮೂಲ್ಯವಾದ ಹೊತ್ತು ಹೋಗಿತ್ತು. ಮಗಳ ತಲೆ ಒಂದು ಬದಿಗೆ ವಾಲಿದ್ದು ನೋಡಿದ ಮೇಲೆ ಅಂಜಿಕೆ ಎಲ್ಲಿ ಹೋಯಿತೋ. ಅವಳನ್ನು ಎತ್ತಿಕೊಂಡು ಓಡಿ ಪಕ್ಕದ ಕಾರಿನ ಗಾಜನ್ನು ಮುಷ್ಟಿಯಿಂದ ಬಡಿದ.

ಗಾಜು ಇಳಿಯಿತು. ಸ್ಟಿಯರಿಂಗ್ ಹಿಡಿದು ಕುಳಿತವಳು ಬಹ್ರೇನಿನ ಹೆಂಗಸು, ಪಕ್ಕದಲ್ಲಿ ಮುದುಕಿ ತಾಯಿ, ಹಿಂದೆ ಮೂವರು ಮಕ್ಕಳು.

"ಶ್ಫೀಹಾ?" ಏನಾಗಿದೆ ಇವಳಿಗೆ ಎಂದು ಕೇಳಿದಳು.

ಸ್ಟೋರಿನಲ್ಲಿ ಕಲಿತ ಅರಬ್ಬಿಯೆಲ್ಲ ಮರೆತುಹೋಗಿತ್ತು. "ಬಿಂತ್… ಮಾಫಿ ಅರಕ್! ಹಾರ್, ವಾಜಿದ್ ಹಾರ್!" ಮಗಳು, ಬೆವರಿಲ್ಲ, ಬಿಸಿ, ತುಂಬಾ ಬಿಸಿ, ಅಷ್ಟೇ ಬಂತು.

ಅವಳು ಕೈ ಚಾಚಿ ಹುಡುಗಿಯ ಹಣೆ ಮುಟ್ಟಿದಳು, ತಟ್ಟನೆ ಹಿಂದೆಗೆದಳು. ಹಿಂದಿನ ಮಕ್ಕಳಿಗೆ ಗದರಿಸಿ ಒತ್ತಿ ಕೂರಿಸಿದಳು. ಅಷ್ಟರಲ್ಲಿ ಸಾಲು ಸರಿಯತೊಡಗಿತು, ಹಿಂದಿನಿಂದ ಹಾರ್ನುಗಳ ಬೊಬ್ಬೆ. ಜಾಗ ಇದ್ದುದು ಒಂದು ಮಗುವಿಗೆ ಮಾತ್ರ.

"ಮುಸ್ತಶ್ಫಾ! ಸಲ್ಮಾನಿಯಾ! ಯಲ್ಲಾ, ಯಲ್ಲಾ!" ಸಲ್ಮಾನಿಯಾ ಆಸ್ಪತ್ರೆಗೆ, ಬೇಗ, ಎಂದಳು.

ಒಳಗೆ ಕೂರಿಸಿದಾಗ ತಂಪು ತಾಗಿ ಅನ್ವಿತಾ ಅರೆಗಣ್ಣು ಬಿಟ್ಟಳು. ಅಪ್ಪನ ಅಂಗಿಯ ತುದಿ ಹಿಡಿದಳು. "ಪಪ್ಪಾ, ಯೂ ಕಮ್."

"ಬರ್ತೇನೆ. ಹಿಂದೆಯೇ ಬರ್ತೇನೆ ಮಗಾ."

ಯಾವುದರಲ್ಲಿ ಬರುವುದು? ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಾಗಿಲು ಮುಚ್ಚಿದ. ಕಾರು ಹೋಯಿತು. ಹೋದ ಮೇಲೆ ಹೊಳೆಯಿತು: ಹೆಸರು ಕೇಳಲಿಲ್ಲ, ನಂಬರ್ ಪ್ಲೇಟು ನೋಡಲಿಲ್ಲ.

ಉಷಾಲತಾಳಿಗೆ ಫೋನು ಮಾಡಿದ.

"ಯಾರ ಹತ್ರ ಕೊಟ್ರಿ?"

"ಗೊತ್ತಿಲ್ಲ. ಒಬ್ಬರು ಹೆಂಗಸು."

"ಯಾವ ಕಾರು?"

"ಬಿಳಿ."

"ಬಿಳಿಯಾ? ಈ ಊರಲ್ಲಿ ಇರುವ ಕಾರೆಲ್ಲ ಬಿಳಿಯೇ ಅಲ್ವಾ!" ಅವಳು ಕಿರುಚಿದ್ದು ಬ್ಯಾಂಕಿನ ಮಹಡಿಯೆಲ್ಲ ಕೇಳಿರಬೇಕು. ಆಮೇಲೆ ಫೋನಿನಲ್ಲಿ ಅವಳು ಮೆಟ್ಟಿಲಿಳಿದು ಓಡುವ ಸದ್ದು ಮಾತ್ರ.

ಸಾಲು ಸರಿದ ಮೇಲೆ ರೋನ್ಸನ್ ಪಿಕಪ್ ತಂದ. ಬಾನೆಟ್ ಎತ್ತಲು ಹೋದವನನ್ನು ಸರ್ವೋತ್ತಮ ಎಳೆದು ನಿಲ್ಲಿಸಿದ. "ಅದು ಹಾಳಾಗಿ ಹೋಗ್ಲಿ. ಆಸ್ಪತ್ರೆಗೆ ನಡಿ." ದಾರಿಯುದ್ದಕ್ಕೂ ಅವನು ಪ್ರತಿಯೊಂದು ಬಿಳಿ ಕಾರಿನೊಳಗೂ ಬಗ್ಗಿ ಬಗ್ಗಿ ನೋಡಿದ.

ಅನ್ವಿತಾ ಆಸ್ಪತ್ರೆಯಲ್ಲೇ ಇದ್ದಳು. ಕಾರು ಓಡಿಸುತ್ತಿದ್ದ ಆ ಹೆಂಗಸು ಅವಳನ್ನು ಎತ್ತಿಕೊಂಡೇ ಒಳಗೆ ಓಡಿ ಬಂದು, ಉಷಾಲತಾ ಬರುವವರೆಗೂ ಕಾದು, ಹೆಸರು ಹೇಳದೆ ಹೋಗಿದ್ದಳಂತೆ. ದಾರಿಯಲ್ಲಿ ಹುಡುಗಿಗೆ ಫಿಟ್ಸ್ ಬಂದಿತ್ತು. ಕಂಕುಳಿಗೆ, ಕತ್ತಿಗೆ ಐಸ್ ಇಟ್ಟು, ಒದ್ದೆ ಬಟ್ಟೆ ಹೊದೆಸಿ, ಫ್ಯಾನು ಬಿಟ್ಟಿದ್ದರು. ಮೈಯ ಬಿಸಿ ಇಳಿಯುತ್ತಿದೆ, ಎಚ್ಚರವಾದ ಮೇಲೆಯೇ ಏನಾದರೂ ಹೇಳಬಹುದು ಎಂದಿದ್ದರು ಡಾಕ್ಟರು.

ಸರ್ವೋತ್ತಮ ಮಂಚದ ಬಳಿ ನಿಂತು ಮಗಳ ಹಣೆಯ ಮೇಲೆ ಕೈಯಿಟ್ಟ. ಇಡುವುದು, ತೆಗೆಯುವುದು, ಮತ್ತೆ ಇಡುವುದು. ಉಷಾಲತಾ ಬಹಳ ಹೊತ್ತು ನೋಡಿದಳು. ಆಮೇಲೆ ಅವನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸಿದಳು.

"ನಿಮ್ಮ ಕೈ ಬಿಸಿ ಉಂಟು. ಮುಟ್ಟಬೇಡಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವನಿಂದ ತಡೆಯಲಾಗಲಿಲ್ಲ. ಮೂಲೆಯ ಬೇಸಿನ್ನಿಗೆ ಹೋಗಿ ತಣ್ಣೀರಿನ ನಲ್ಲಿ ತಿರುಗಿಸಿ ಎರಡೂ ಕೈ ಒಡ್ಡಿದ. ದಿನವಿಡೀ ಬಿಸಿಲಿಗೆ ಕಾದ ಟ್ಯಾಂಕಿನ ನೀರು, ಸುಡುಸುಡು ಬಂತು. ಹರಿಯುತ್ತ ಹರಿಯುತ್ತ ತಣ್ಣಗಾದೀತೆಂದು ಅವನು ಕೈ ತೆಗೆಯದೆ ನಿಂತೇ ಇದ್ದ.